ವಾಪಸ್ ಬಂದ ಮೋಟರ್‌ಗಳ ಪುಸ್ತಕ

ದಾವಣಗೆರೆಯಲ್ಲಿ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಆರು ಜನ ಕೆಲಸದವರಿದ್ದಾರೆ. ಬೇಸಿಗೆ ಬಂತೆಂದರೆ ಜಗಳೂರು, ಚನ್ನಗಿರಿ ಕಡೆಯಿಂದ ಸುಟ್ಟ ಬೋರ್‌ವೆಲ್ ಮೋಟರ್‌ಗಳು ಬರುತ್ತಲೇ ಇರುತ್ತವೆ. ಅಡಿಕೆ ತೋಟ ಒಣಗುತ್ತಿರುವವರಿಗೆ ಒಂದು ದಿನವೂ ಜಾಸ್ತಿಯೇ. ಅಂಥದ್ದರಲ್ಲಿ ನಾವು ಕಟ್ಟಿಕೊಟ್ಟ ಮೋಟರ್ ವಾರದಲ್ಲೇ ವಾಪಸ್ ಬಂದರೆ ಆ ರಾತ್ರಿ ನನಗೆ ನಿದ್ದೆ ಇಲ್ಲ.

ಮೊದಲೆಲ್ಲ ನಾನು ಕೇಳುತ್ತಿದ್ದುದು ಒಂದೇ: “ಇದನ್ನ ಕಟ್ಟಿದ್ದು ಯಾರು?” ಎಲ್ಲರೂ ತಲೆ ತಗ್ಗಿಸುತ್ತಿದ್ದರು. ತಪ್ಪು ಎಲ್ಲಾಯಿತು ಅಂತ ಗೊತ್ತೇ ಆಗುತ್ತಿರಲಿಲ್ಲ.

ಆ ದಿನಗಳಲ್ಲೇ ರಾತ್ರಿ ಹೊತ್ತು ಲಿಬ್ರೆಆಫೀಸ್ ಅನ್ನುವ ಉಚಿತ ಆಫೀಸ್ ಸಾಫ್ಟ್‌ವೇರ್‌ನ ಕನ್ನಡ ಅನುವಾದಕ್ಕೆ ಸೇರಿಕೊಂಡೆ. ಸಂಬಳವಿಲ್ಲದ ಕೆಲಸ. ನಾನು ಮೊದಲು ಕಳಿಸಿದ್ದರಲ್ಲೇ ತಪ್ಪಿತ್ತು. ನೋಡಿದವರು ಬೈಯಲಿಲ್ಲ, ಯಾಕೆ ತಪ್ಪು ಅಂತ ಎರಡು ಸಾಲು ಬರೆದರು. ಬೈದಿದ್ದರೆ ನಾನು ಮರುದಿನ ಹೋಗುತ್ತಲೇ ಇರಲಿಲ್ಲ, ಅಲ್ವಾ? ಹೀಗೇ ಎಲ್ಲರೂ ಸೇರಿ ಕಟ್ಟುವ ಇನ್ನೊಂದು ಉಚಿತ ಸಾಫ್ಟ್‌ವೇರ್ ಡೆಬಿಯನ್‌. ಅದರವರು 1997ರಲ್ಲೇ, ಅಂದರೆ ದಾವಣಗೆರೆ ಜಿಲ್ಲೆಯಾದ ವರ್ಷವೇ, ‘ದೋಷಗಳನ್ನು ಮುಚ್ಚಿಡುವುದಿಲ್ಲ’ ಅಂತ ಬಳಸುವವರಿಗೆ ಮಾತು ಕೊಟ್ಟಿದ್ದಾರೆ. ಅವರ ದೋಷಗಳ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು.

ನಾನೂ ಒಂದು ಲಾಂಗ್ ಬುಕ್ ತಂದು ಕೌಂಟರ್ ಮೇಲಿಟ್ಟೆ. ವಾಪಸ್ ಬಂದ ಮೋಟರ್ ಯಾವುದು, ಬಿಚ್ಚಿದಾಗ ಏನು ಕಂಡಿತು, ಯಾಕಾಗಿರಬಹುದು, ಕಂಡುಹಿಡಿದವರ ಹೆಸರು. ತಪ್ಪು ಮಾಡಿದವರ ಹೆಸರಿಗೆ ಜಾಗವಿಲ್ಲ. ತಿಂಗಳುಗಟ್ಟಲೆ ಯಾರೂ ಮುಟ್ಟಲಿಲ್ಲ. ಕಡೆಗೆ ನನ್ನ ತಪ್ಪನ್ನೇ ಮೊದಲು ಬರೆದೆ: ದುಡ್ಡು ಉಳಿಸಲು ಕಳಪೆ ವೈರ್ ತರಿಸಿದ್ದೆ. ಆಮೇಲೆ ಹೊಸದಾಗಿ ಸೇರಿದ ಹುಡುಗ ಬರೆದ, “ಒಳಗೆ ನೀರು ತುಂಬಿಸದೆ ಬೋರಿಗೆ ಇಳಿಸಿದ್ದಾರೆ, ಬೇರಿಂಗ್ ಸುಟ್ಟಿದೆ.” ನಮ್ಮ ವೈಂಡಿಂಗ್ ಸರಿಯೇ ಇತ್ತು, ರೈತರಿಗೆ ಹೇಳಿರಲಿಲ್ಲ ಅಷ್ಟೆ. ಈಗ ಪ್ರತಿ ಮೋಟರಿಗೂ ‘ನೀರು ತುಂಬಿಸಿ ಇಳಿಸಿ’ ಅಂತ ಚೀಟಿ ಕಟ್ಟುತ್ತೇವೆ. ಆ ಚೀಟಿ ಬರೆಯುವುದೂ ಅವನೇ.

ಆ ಸಾಫ್ಟ್‌ವೇರ್‌ನವರ ಹಾಗೆ, ಇಷ್ಟವಾದ ಕೆಲಸ ಆರಿಸಿಕೊಳ್ಳಿ ಅಂತಲೂ ಬಿಟ್ಟು ನೋಡಿದೆ. ಸೀಸನ್‌ನಲ್ಲಿ ಅದು ನಡೆಯಲಿಲ್ಲ. ಹಳೇ ವೈಂಡಿಂಗ್ ಕೀಳುವ ಕೆಲಸ ಯಾರಿಗೂ ಬೇಡ. ಅದನ್ನು ಸರದಿ ಮೇಲೆ ಹಂಚಿದೆ.

ಪುಸ್ತಕವನ್ನು ಗಿರಾಕಿಗಳೂ ತಿರುವಿ ನೋಡುತ್ತಾರೆ. ಕಳೆದ ವಾರ ಜಗಳೂರು ಕಡೆಯ ರೈತರೊಬ್ಬರು ಪೆನ್ನು ಕೇಳಿದರು. “ನಮ್ಮ ಕಡೆ ರಾತ್ರಿ ಒಂದು ಫೇಸ್ ಹೋಗುತ್ತದೆ” ಅಂತ ತಾವೇ ಬರೆದರು. ಮೂರು ಫೇಸ್‌ನಲ್ಲಿ ಒಂದು ಹೋದರೂ ಮೋಟರ್ ಸುಡಬಹುದು. ಅವರ ಊರಿನಿಂದ ಬಂದ ಹಳೇ ಮೋಟರ್‌ಗಳ ಪುಟಗಳನ್ನು ಈಗ ಮತ್ತೆ ಓದುತ್ತಿದ್ದೇವೆ.