ಗುರುವಾರ ರಾತ್ರಿ ನೆನೆಹಾಕುವ ಕಾಳು

ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ ಸುಮಾರು ಆರು ವಾರಗಳ ವ್ರತದ ದಿನಗಳಲ್ಲಿ, ಮಾಂಸ ಬಿಟ್ಟು ಅಡುಗೆ ಮಾಡಲು ಶುರು ಮಾಡಿದ ಮೊದಲ ವರ್ಷ ನಾನು ದಾರಿ ತಪ್ಪಿದ್ದೆ. ಮಾಂಸ ಇಲ್ಲ ಅಂತ ಯಾರಿಗೂ ಬೇಸರ ಆಗಬಾರದು ಅನ್ನೋದೇ ಆಗ ನನ್ನ ಚಿಂತೆ. ಅದಕ್ಕೆ ಪ್ರತಿ ಶುಕ್ರವಾರ ಸಿಗಡಿ, ಚೀಸ್, ಗೋಡಂಬಿ, ಕೆನೆ ಎಲ್ಲ ಮನೆಗೆ ಬರುತ್ತಿತ್ತು. ಎರಡು ಗಂಟೆ ಒಲೆ ಮುಂದೆ ನಿಲ್ಲುತ್ತಿದ್ದೆ. ಮಾಂಸ ಬಿಟ್ಟು ಉಳಿದ ದುಡ್ಡನ್ನು ಬಡವರಿಗೆಂದು ಒಂದು ಡಬ್ಬಿಗೆ ಹಾಕಬೇಕು ಅಂತ ನಾವು ಮೊದಲೇ ಮಾತಾಡಿಕೊಂಡಿದ್ದೆವು. ಮೂರನೇ ವಾರ ಲೆಕ್ಕ ಹಾಕಿದರೆ ಡಬ್ಬಿಗೆ ಹಾಕಲು ಏನೂ ಉಳಿದಿರಲಿಲ್ಲ. ಮಾಂಸ ತಂದಿದ್ದರೆ ಆಗುತ್ತಿದ್ದ ಖರ್ಚಿಗಿಂತ ಜಾಸ್ತಿಯೇ ಆಗಿತ್ತು. ಅವತ್ತು ನನಗೆ ತುಂಬಾ ನೋವಾಯಿತು.

ನಿಯಮ ನೋಡಿದರೆ ನಾನು ಮಾಡಿದ್ದು ತಪ್ಪಲ್ಲ. ಕಥೋಲಿಕ ಕ್ರೈಸ್ತರಲ್ಲಿ 14 ವರ್ಷ ತುಂಬಿದವರು ತಪಸ್ಸು ಕಾಲದ ಶುಕ್ರವಾರಗಳಂದು ಮಾಂಸ ತಿನ್ನುವುದಿಲ್ಲ. ಮೀನು, ಮೊಟ್ಟೆ, ಹಾಲಿಗೆ ಅಡ್ಡಿಯಿಲ್ಲ. ಈ ಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಯೇಸು ಶಿಲುಬೆಯ ಮೇಲೆ ಸತ್ತದ್ದನ್ನು ನೆನೆಯುವ ಶುಭ ಶುಕ್ರವಾರ ಮಾಂಸ ಬಿಡುವುದರ ಜೊತೆಗೆ ಉಪವಾಸವೂ ಇದೆ. ಅಂದರೆ ಹೊಟ್ಟೆ ತುಂಬ ಊಟ ಒಂದೇ ಹೊತ್ತು. ಆದರೆ ಸಿಗಡಿಯ ಔತಣ ಮಾಡಿ ಇದು ಉಪವಾಸ ಅಂದುಕೊಳ್ಳಲು ನನ್ನ ಮನಸ್ಸು ಒಪ್ಪಲಿಲ್ಲ.

ಮುಂದಿನ ವರ್ಷದಿಂದ ಎಲ್ಲವನ್ನೂ ಕಾಳಿನ ಮೇಲೆ ನಿಲ್ಲಿಸಿದೆ. ಗುರುವಾರ ರಾತ್ರಿ ಕಾಬೂಲಿ ಕಡಲೆ ನೆನೆಹಾಕುತ್ತೇನೆ. ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು. ಉಪ್ಪು ಹಾಕಿದರೆ ಕಾಳು ಬೇಯಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ. ನನ್ನ ಅನುಭವ ಬೇರೆ. ಉಪ್ಪುನೀರಲ್ಲಿ ನೆಂದ ಕಾಳಿನ ಸಿಪ್ಪೆ ಮೆತ್ತಗಾಗುತ್ತದೆ, ಕಾಳು ಒಂದೇ ಸಮ ಬೇಯುತ್ತದೆ. ಬೇಯಲು ಬಿಡದಿರುವುದು ಹುಳಿ. ಒಮ್ಮೆ ಕಡಲೆ ಜೊತೆಗೇ ಟೊಮೆಟೊ ಹಾಕಿ ಒಲೆಗಿಟ್ಟಿದ್ದೆ. ಎರಡು ಗಂಟೆ ಕುದಿಸಿದರೂ ಕಾಳು ಹಲ್ಲಿಗೆ ಗಟ್ಟಿಯಾಗಿಯೇ ಸಿಗುತ್ತಿತ್ತು. ಈಗ ಕಾಳು ಬೆರಳಲ್ಲಿ ಒತ್ತಿದರೆ ಹಿಸುಕುವಷ್ಟು ಬೆಂದ ಮೇಲೇ ಟೊಮೆಟೊ.

ರಾಜ್ಮಾ ಮಾಡುವವರು ದಯವಿಟ್ಟು ಒಂದು ವಿಷಯ ನೆನಪಿಡಿ. ನೆನೆಸಿದ ನೀರು ಚೆಲ್ಲಿ, ಹೊಸ ನೀರಲ್ಲಿ ಕಡಿಮೆ ಅಂದರೂ 10 ನಿಮಿಷ ಕೊತಕೊತ ಕುದಿಸಿ. ಆಮೇಲೆ ಬೇಕಾದರೆ ಸಣ್ಣ ಉರಿ ಮಾಡಿ. ಹಸಿ ಕಾಳಲ್ಲಿರುವ ಲೆಕ್ಟಿನ್ ಎಂಬ ವಿಷದ ಅಂಶ ಅರೆಬೆಂದರೆ ಹೋಗುವುದಿಲ್ಲ, ವಾಂತಿ ಭೇದಿ ಆಗುತ್ತದೆ. ಬರೀ ಸಣ್ಣ ಉರಿಯಲ್ಲೇ ಬೇಯಿಸುವ ವಿದ್ಯುತ್ ಪಾತ್ರೆಗಳಿಗೆ ಹಸಿ ರಾಜ್ಮಾ ನೇರವಾಗಿ ಹಾಕಲೇಬೇಡಿ.

ನೆನೆಹಾಕಲು ಮರೆತ ದಿನಕ್ಕೆ ಮಸೂರ್ ಬೇಳೆ ಇದೆ. ತೊಳೆದು ಒಲೆಗಿಟ್ಟರೆ 20 ನಿಮಿಷಕ್ಕೆ ಕರಗಿ ಗಟ್ಟಿ ಸೂಪ್ ಆಗುತ್ತದೆ.

ಮಾಂಸ ಬಿಟ್ಟಾಗ ಮನೆಯವರಿಗೆ ನಿಜವಾಗಿ ಕಾಡಿದ್ದು ಮಾಂಸ ಅಲ್ಲ, ಅದರ ಕಂದು ಬಣ್ಣದ ಗಾಢ ರುಚಿ. ಇದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಆ ರುಚಿ ಈರುಳ್ಳಿಯಲ್ಲೂ ಸಿಗುತ್ತದೆ, ಆತುರ ಮಾಡಬಾರದು ಅಷ್ಟೇ. ಮೂರು ಈರುಳ್ಳಿ ತೆಳ್ಳಗೆ ಹೆಚ್ಚಿ, ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ, ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಬಿಡುತ್ತೇನೆ. ಹತ್ತು ನಿಮಿಷಕ್ಕೆ ಬಾಡುತ್ತದೆ, ಕಂದಾಗಲು 35, 40 ನಿಮಿಷ ಬೇಕು. ತಳ ಹಿಡಿಯಿತು ಅನ್ನಿಸಿದಾಗ ಒಂದೆರಡು ಚಮಚ ನೀರು ಹಾಕಿ ಕೆರೆದುಕೊಳ್ಳುತ್ತೇನೆ. ಆ ತಳದಲ್ಲೇ ರುಚಿ ಇರುವುದು. ಅಣಬೆ ಇದ್ದರೆ ಅದನ್ನು ಬೇರೆ ಬಾಣಲೆಯಲ್ಲಿ, ದೊಡ್ಡ ಉರಿಯಲ್ಲಿ, ಒಂದರ ಮೇಲೊಂದು ಬೀಳದ ಹಾಗೆ ಹರಡಿ ಹುರಿಯುತ್ತೇನೆ. ಒಟ್ಟಿಗೆ ತುಂಬಿದರೆ ನೀರು ಬಿಟ್ಟು ಸುಮ್ನೆ ಬೇಯುತ್ತದೆ, ಕೆಂಪಾಗುವುದೇ ಇಲ್ಲ. ಇವೆರಡನ್ನೂ ಬೆಂದ ಕಡಲೆಗೆ ಬೆರೆಸಿ, ಕಾಲು ಭಾಗ ಕಾಳನ್ನು ಸೌಟಲ್ಲೇ ಮಸೆದರೆ ಕೆನೆ ಇಲ್ಲದೆ ಗಟ್ಟಿಯಾಗುತ್ತದೆ. ಕಡಲೆ ಬೇಯಿಸಿದ ನೀರನ್ನಂತೂ ನಾನು ಚೆಲ್ಲುವುದೇ ಇಲ್ಲ, ಸೂಪಿಗೆ ಅದೇ ಆಧಾರ. ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿದರೆ ರುಚಿಯೂ ಏಳುತ್ತದೆ, ಕಾಳಿನ ಕಬ್ಬಿಣದ ಅಂಶವೂ ಮೈಗೆ ಚೆನ್ನಾಗಿ ಹಿಡಿಯುತ್ತದೆ.

ಇಷ್ಟು ತಿಂದರೆ ಶಕ್ತಿ ಸಾಲುತ್ತಾ ಅಂತ ಮನೆಯಲ್ಲಿ ಕೇಳಿದ್ದರು. ಬೆಂದ ಕಡಲೆ 100 ಗ್ರಾಂ ತಿಂದರೆ ಸುಮಾರು 9 ಗ್ರಾಂ ಪ್ರೋಟೀನ್ ಸಿಗುತ್ತದೆ. ಜೊತೆಗೆ ಬ್ರೆಡ್ಡೋ ಅನ್ನವೋ ಇದ್ದರೆ ಧಾರಾಳ ಸಾಕು. ಕ್ರೈಸ್ತರದೇ ಇನ್ನೊಂದು ಪಂಗಡವಾದ ಆರ್ಥೊಡಾಕ್ಸ್ ಸಭೆಯವರು ಈ ದಿನಗಳಲ್ಲಿ ಮೊಟ್ಟೆ, ಹಾಲು, ಬೆಣ್ಣೆಯನ್ನೂ ಬಿಡುತ್ತಾರೆ. ಅಂಥ ಗೆಳೆಯರು ಮನೆಗೆ ಬಂದಾಗ ಇದೇ ಪಾತ್ರೆಯಿಂದ ಬಡಿಸಬಹುದು, ಬೇರೆ ಅಡುಗೆ ಬೇಕಿಲ್ಲ. ನನಗೆ ಇದರಿಂದ ಆಗುವ ಸಂತೋಷ ಅಷ್ಟಿಷ್ಟಲ್ಲ.

ಒಮ್ಮೆಗೇ ಜಾಸ್ತಿ ಬೇಯಿಸಿ, ಆರಿಸಿ, ಫ್ರಿಜ್ಜಿನಲ್ಲಿಡುತ್ತೇನೆ. ಮೂರು ದಿನ ಕೆಡುವುದಿಲ್ಲ.

ಶುಭ ಶುಕ್ರವಾರದ ಹಿಂದಿನ ದಿನ, ಪವಿತ್ರ ಗುರುವಾರ, ಚರ್ಚಿನಲ್ಲಿ ಸಂಜೆಯ ಬಲಿಪೂಜೆ ಮುಗಿಸಿ ಬರುವಾಗ ರಾತ್ರಿಯಾಗಿರುತ್ತದೆ. ಬಟ್ಟೆ ಬದಲಾಯಿಸುವ ಮುಂಚೆ ಕಾಳು ತೊಳೆದು ನೀರಿಗೆ ಹಾಕುತ್ತೇನೆ. ಮರುದಿನ ಅದಕ್ಕೆ ಈರುಳ್ಳಿ, ಅಣಬೆ ಏನೂ ಬೇಡ. ಬೆಳ್ಳುಳ್ಳಿ, ಉಪ್ಪು, ಒಂದು ಎಲೆ. ಮಧ್ಯಾಹ್ನ ಮೂರು ಗಂಟೆಯ ಆರಾಧನೆಯಿಂದ ಬಂದ ಮೇಲೆ ಎಲ್ಲರೂ ಬ್ರೆಡ್ ಅದ್ದಿಕೊಂಡು, ಮಾತಿಲ್ಲದೆ ತಿನ್ನುತ್ತೇವೆ.