ಹುಳು ಕೊರೆಯದ ಒಂದು ಗರಿ

ನನ್ನ ಕಾದಂಬರಿಯ ಮೊದಲ ಕರಡಿನಲ್ಲಿ ನಾಯಕ 1920ರ ದಶಕದ ಒಂದು ರಾತ್ರಿ ವಿಜಯಪುರದ ಅಸರ್ ಮಹಲಿಗೆ ನುಗ್ಗಿ, ಆದಿಲಶಾಹಿ ಗ್ರಂಥಭಂಡಾರದಿಂದ ಒಂದು ಹಸ್ತಪ್ರತಿ ಕದಿಯುತ್ತಿದ್ದ. ಅರವತ್ತು ಪುಟ ಬರೆದ ಮೇಲೆ ತಿಳಿಯಿತು: ಅಲ್ಲಿ ಉಳಿದಿದ್ದ ಹಸ್ತಪ್ರತಿಗಳು 1853ರಲ್ಲೇ ಲಂಡನ್ನಿಗೆ ಹೋಗಿದ್ದವು. ಕದಿಯಲು ಅಲ್ಲಿ ಏನಿತ್ತು? ಅರವತ್ತೂ ಪುಟ ಪಕ್ಕಕ್ಕಿಟ್ಟೆ. ಸಂಕಟವಾಯಿತು, ಆದರೆ ಇತಿಹಾಸದ ಪತ್ತೇದಾರಿ ಕಥೆಯಲ್ಲಿ ಒಂದು ಇಸವಿ ತಪ್ಪಿದರೆ ಓದುಗ ನಮ್ಮ ಸುಳಿವುಗಳನ್ನೂ ನಂಬುವುದಿಲ್ಲ.

ಊರು ಬಿಡಲಿಲ್ಲ, ಕಥೆಯ ದಾರಿ ಬದಲಿಸಿದೆ. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇದೇ ವಿಜಯಪುರದಲ್ಲಿದ್ದುಕೊಂಡು ತಾಳೆಗರಿ ಕಟ್ಟುಗಳನ್ನು ಹುಡುಕಿ ಹುಡುಕಿ ವಚನಗಳನ್ನು ಅಚ್ಚಿಗೆ ತಂದರು. 1923ರಲ್ಲಿ ‘ವಚನಶಾಸ್ತ್ರಸಾರ’, 1926ರಲ್ಲಿ ‘ಶಿವಾನುಭವ’ ಪತ್ರಿಕೆ. ಅವರನ್ನೇ ಪಾತ್ರ ಮಾಡಲು ಮನಸ್ಸು ಒಪ್ಪಲಿಲ್ಲ. ಆ ಕಾಲದ ಒಂದು ಕಲ್ಪಿತ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಹುಡುಗ ನನ್ನ ನಾಯಕನಾದ.

ಆದರೆ ನಾನು ಅಲ್ಲಿವರೆಗೆ ತಾಳೆಗರಿ ಮುಟ್ಟಿಯೇ ಇರಲಿಲ್ಲ. ಇಂಡಿ ಕಡೆಯ ಹಳ್ಳಿಯೊಂದರಲ್ಲಿ ದೂರದ ಸಂಬಂಧಿಕರ ಮನೆ. ದೇವರ ಜಗಲಿಯ ಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಟ್ಟು. “ಇದನ್ನ ಪೂಜಾ ಮಾಡ್ತೀವಿ ತಮ್ಮಾ, ಬಿಚ್ಚೂದಿಲ್ಲ” ಅಂದಳು ಆಯಿ. ಮೂರನೇ ಸಲ ಹೋದಾಗ, “ಜಳಕಾ ಮಾಡಿ ಬಂದೀಯಿಲ್ಲೋ? ಹಂಗಾದ್ರ ಬಿಚ್ಚು” ಅಂದಳು.

ಬಿಚ್ಚಿದ ಕೂಡಲೇ ನನ್ನ ಒಂದು ಅಧ್ಯಾಯ ಬಿದ್ದುಹೋಯಿತು. ಮಳೆನೀರಿಗೆ ಶಾಯಿ ಹರಡಿ ಸಾಲು ಅಳಿಸಿಹೋಯಿತು ಎಂದು ಬರೆದಿದ್ದೆ. ಇಲ್ಲಿ ಶಾಯಿಯೇ ಇಲ್ಲ. ಕಬ್ಬಿಣದ ಮೊನೆಯಿಂದ ಗರಿಯನ್ನು ಗೀರಿ ಅಕ್ಷರ ಮೂಡಿಸುತ್ತಿದ್ದರು, ಆಮೇಲೆ ದೀಪದ ಮಸಿ ತಿಕ್ಕಿ ಒರೆಸುತ್ತಿದ್ದರು. ಗೀರಿನಲ್ಲಿ ಕಪ್ಪು ಉಳಿಯುತ್ತದೆ. ಮಸಿ ಹೋದರೂ ಗೀರು ಹೋಗದು. ಪದ ಪದದ ನಡುವೆ ಜಾಗವೂ ಇಲ್ಲ, ಸಾಲು ಒಂದೇ ಸಮ ಹರಿಯುತ್ತದೆ. ಎಲ್ಲಿ ಒಡೆದು ಓದಬೇಕು ಎನ್ನುವುದರಲ್ಲೇ ಅರ್ಥ ಬದಲಾಗಬಹುದು. ಕಾದಂಬರಿಯ ಸಣ್ಣ ಒಗಟುಗಳೆಲ್ಲ ನನಗೆ ಅಲ್ಲಿಂದಲೇ ಸಿಕ್ಕವು.

ದೊಡ್ಡ ಗುಟ್ಟು ಸಿಕ್ಕಿದ್ದು ಒಂದು ಹುಳುವಿನಿಂದ. ಕಟ್ಟಿನ ಎಡ ತುದಿಯಲ್ಲಿ ಸಾಸಿವೆಯಷ್ಟು ತೂತು. ಗರಿ ಮಗುಚುತ್ತ ಹೋದಂತೆ ಅದು ಕೂದಲೆಳೆಯಷ್ಟು ಸರಿಯುತ್ತ, ಓರೆಯಾಗಿ ಕೆಳಗಿಳಿದಿತ್ತು. ನಡುವೆ ಒಂದು ಗರಿಗೆ ಮಾತ್ರ ತೂತಿಲ್ಲ. ಅದರ ಕೆಳಗಿನದರಲ್ಲಿ ಮತ್ತೆ ಅದೇ ದಾರಿ. ಅಂದರೆ ಹುಳು ಕೊರೆಯುವಾಗ ಆ ಗರಿ ಅಲ್ಲಿರಲಿಲ್ಲ, ಆಮೇಲೆ ಬಂದು ಸೇರಿದ್ದು. ಬಹುಶಃ ಮುರಿದ ಗರಿಯ ಬದಲು ಯಾರೋ ನಿಷ್ಠೆಯಿಂದ ನಕಲು ಮಾಡಿ ಇಟ್ಟಿದ್ದಿರಬೇಕು. ನನ್ನ ಕಥೆಯಲ್ಲಿ ಮಾತ್ರ ಅದು ಕಳ್ಳಗರಿಯಾಯಿತು: ಒಂದು ಮನೆತನದ ಹಕ್ಕನ್ನೇ ತಿರುಚಲು ತೂರಿಸಿದ್ದು. ಮಸಿ, ಎಣ್ಣೆ ಹಚ್ಚಿ ಹೊಸ ಗರಿಗೆ ಹಳೇ ಬಣ್ಣ ಬರಿಸಿದವನು ಹುಳುವಿನ ದಾರಿಯನ್ನು ಮರೆತಿದ್ದ.

ಕಟ್ಟನ್ನು ನಾನೇ ಮತ್ತೆ ಕಟ್ಟಿಕೊಟ್ಟೆ. ಆಯಿ ದೂರದಿಂದಲೇ ನೋಡಿ, “ಇದು ನಮ್ಮನಿ ಗಂಟಲ್ಲ” ಅಂದಳು. ಬಿಚ್ಚಿ, ದಾರವನ್ನು ಎರಡು ಸುತ್ತು ಹಿಂದಕ್ಕೆ ತಂದು ತಾನೇ ಬಿಗಿದಳು. ಕೊನೆಯ ಅಧ್ಯಾಯದಲ್ಲಿ ಗರಿ ತೂರಿಸಿದವನು ಸಿಕ್ಕಿಬೀಳುವುದು ಆ ಗಂಟಿನಿಂದಲೇ.