ಹಾಸ್ಟೆಲ್‌ನ ಜ್ವರದ ಪುಸ್ತಕ

ಶಿವಮೊಗ್ಗದ ಪದವಿ ಕಾಲೇಜೊಂದರಲ್ಲಿ ಅಧ್ಯಾಪಕಿಯಾಗಿರುವ ನನಗೆ ವಿದ್ಯಾರ್ಥಿನಿಯರ ಹಾಸ್ಟೆಲ್‌ನ ಆರೋಗ್ಯದ ಹೊಣೆಯೂ ಬಂದಾಗ ಅಲ್ಲಿದ್ದದ್ದು ಒಂದು ಔಷಧದ ಪೆಟ್ಟಿಗೆ ಮತ್ತು ಮಾತ್ರೆ ಕೊಟ್ಟ ಲೆಕ್ಕ ಬರೆದಿಡುವ ಪುಸ್ತಕ. ನಾನು ಮೊದಲು ಬದಲಿಸಿದ್ದು ಆ ಪುಸ್ತಕವನ್ನು. ಹೆಸರು, ತಾಪಮಾನ, ಜ್ವರ ಶುರುವಾದ ದಿನ ಇವುಗಳ ಪಕ್ಕದಲ್ಲಿ ‘ಕಳೆದ ಹತ್ತು ದಿನ ಎಲ್ಲಿದ್ದೆ, ಏನು ಕೆಲಸ ಮಾಡಿದೆ’ ಎಂಬ ಕಾಲಂ ಸೇರಿಸಿದೆ.

ಬೇರೆ ಊರಿನವರಿಗೆ ಇದು ಅತಿಯೆನಿಸಬಹುದು. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯವರು. ರಜೆಯಲ್ಲಿ ಮನೆಗೆ ಹೋದರೆ ತೋಟದ ಕೆಲಸಕ್ಕೆ ಕೈಗೂಡಿಸುತ್ತಾರೆ, ಸೊಪ್ಪಿನ ಬೆಟ್ಟದಿಂದ ಕೊಟ್ಟಿಗೆಗೆ ದರಗು, ಅಂದರೆ ಉದುರಿದ ಒಣ ಎಲೆ, ಹೊತ್ತು ತರುತ್ತಾರೆ. ಕಾಡಿನ ದರಗಿನಲ್ಲಿರುವ, ರಕ್ತ ಹೀರುವ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಇದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ; ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ ಏರಿ, ತಲೆನೋವು, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಉಣುಗು ಕಚ್ಚುವುದು ಊರಿನಲ್ಲಿ, ಜ್ವರ ಬರುವುದು ಹಾಸ್ಟೆಲ್‌ನಲ್ಲಿ. ಪೇಟೆಯ ವೈದ್ಯರ ಮುಂದೆ ದರಗಿನ ಮಾತನ್ನು ಯಾವ ಹುಡುಗಿಯೂ ತಾನಾಗಿ ಎತ್ತುವುದಿಲ್ಲ.

ಆ ಕಾಲಂನಲ್ಲಿ ಕಾಡು, ದರಗು ಅಥವಾ ಸತ್ತ ಮಂಗದ ಪ್ರಸ್ತಾಪ ಬಂದರೆ ಪುಟದ ನಕಲನ್ನು ಕೈಗೆ ಕೊಟ್ಟು ಅಂದೇ ಮೆಗ್ಗಾನ್ ಆಸ್ಪತ್ರೆಗೆ ಕಳುಹಿಸುತ್ತೇವೆ. ಈ ಸೋಂಕನ್ನು ಪತ್ತೆಹಚ್ಚುವ ವೈರಾಣು ಪ್ರಯೋಗಾಲಯ ಶಿವಮೊಗ್ಗದಲ್ಲೇ ಇರುವುದು ನಮಗೆ ಅನುಕೂಲ. ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲವೆಂಬುದನ್ನು ಮಾತ್ರ ಜೊತೆಯ ಕೊಠಡಿಯವರಿಗೆ ಪ್ರತಿಸಲವೂ ಹೇಳಬೇಕಾಗುತ್ತದೆ.

ಪೆಟ್ಟಿಗೆಯಿಂದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ತೆಗೆಸಿ ಪ್ಯಾರಾಸಿಟಮಾಲ್ ಒಂದನ್ನೇ ಉಳಿಸಿಕೊಂಡೆ. ಮಂಗನ ಕಾಯಿಲೆಯಲ್ಲೂ ಡೆಂಗಿಯಲ್ಲೂ ರಕ್ತಸ್ರಾವದ ಅಪಾಯವಿದ್ದು, ಆ ನೋವಿನ ಮಾತ್ರೆಗಳು ಅದನ್ನು ಹೆಚ್ಚಿಸಬಲ್ಲವು. ಮುಟ್ಟಿನ ಹೊಟ್ಟೆನೋವಿಗೆ ಏನು ಮಾಡಬೇಕೆಂದು ಹುಡುಗಿಯರು ಕೇಳಿದ್ದು ನ್ಯಾಯವೇ ಆಗಿತ್ತು. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು, ಜ್ವರವಿಲ್ಲವೆಂದು ನೋಡಿದ ಮೇಲೆ, ವಾರ್ಡನ್ ಕೊಡುವ ಏರ್ಪಾಡಾಯಿತು.

ಇವೆಲ್ಲಕ್ಕಿಂತ ಕಷ್ಟವಾದದ್ದು ಜ್ವರ ಮುಚ್ಚಿಡುವವರನ್ನು ಹೊರಗೆ ತರುವುದು. “ಬರೀ ಸುಸ್ತು ಮೇಡಂ, ಇಂಟರ್ನಲ್ಸ್ ಮುಗೀಲಿ” ಎನ್ನುವ ಹುಡುಗಿಯ ಹೆದರಿಕೆ ಶೇ. 75ರ ಹಾಜರಾತಿಯದು, ಆಸ್ಪತ್ರೆಯದಲ್ಲ. ಬುದ್ಧಿವಾದದಿಂದ ಇದು ಸರಿಹೋಗುವ ವಿಷಯವಲ್ಲವೆಂದು ನನಗೆ ತೋರಿತು. ಜ್ವರದ ಪುಸ್ತಕದ ನಮೂದನ್ನು ರಜೆಯ ಅರ್ಜಿಗೆ ಆಧಾರವಾಗಿ ಒಪ್ಪಬೇಕೆಂದು ಪ್ರಾಂಶುಪಾಲರನ್ನು ಕೇಳಿದೆ, ಒಪ್ಪಿದರು. ಅಲ್ಲಿಂದ ಹುಡುಗಿಯರು ಜ್ವರದ ಮೊದಲ ದಿನವೇ ಬರತೊಡಗಿದರು. ಡೆಂಗಿಯನ್ನು ಪತ್ತೆಹಚ್ಚುವ ಎನ್‌ಎಸ್1 ರಕ್ತಪರೀಕ್ಷೆ ಹೆಚ್ಚು ನಂಬಲರ್ಹವಾಗಿರುವುದು ಮೊದಲ ಐದು ದಿನಗಳಲ್ಲಿ ಎಂಬುದನ್ನು ನೆನೆದರೆ ಇದು ಸಣ್ಣ ಲಾಭವಲ್ಲ.

ಮಳೆಗಾಲದಲ್ಲಿ ಅದೇ ಕಾಲಂ ನಾಟಿ ಗದ್ದೆಗಿಳಿದವರನ್ನು ತೋರಿಸುತ್ತದೆ. ಆಗ ಇಲಿಯ ಮೂತ್ರ ಬೆರೆತ ನೀರಿನಿಂದ ತಗಲುವ ಇಲಿ ಜ್ವರದ ಸಂಶಯವನ್ನು ವೈದ್ಯರ ಗಮನಕ್ಕೆ ತರುತ್ತೇವೆ.

ಹಾಸ್ಟೆಲ್‌ನ ಹೊರಗೆ ಬಾಡಿಗೆ ಕೊಠಡಿಗಳಲ್ಲಿ ಇರುವವರು ಈ ಪುಸ್ತಕದೊಳಗೆ ಬರುವುದಿಲ್ಲ. ಅವರಿಗಾಗಿ ಪ್ರತಿ ತರಗತಿಯ ಪ್ರತಿನಿಧಿಯ ಕೈಗೆ ಒಂದು ಥರ್ಮಾಮೀಟರ್ ಮತ್ತು ನನ್ನ ಫೋನ್ ಸಂಖ್ಯೆ ಕೊಟ್ಟಿದ್ದೇನೆ.